ಹಗಲು ಹೊಡೆದ ಕೈ ರಾತ್ರಿ ಹೊಡೆಯಲಿಲ್ಲ

1990ರ ದಶಕದಲ್ಲಿ ಕೆಲವು ವರ್ಷ ನಾನು ದಿನಕ್ಕೆ ಎರಡು ಶಾಲೆಗಳಲ್ಲಿ ಗಣಿತ ಕಲಿಸುತ್ತಿದ್ದೆ. ಹಗಲು, ಮುಂಬಯಿಯ ಉಪನಗರವೊಂದರ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ಸಂಜೆ ಲೋಕಲ್ ಹಿಡಿದು ದಕ್ಷಿಣ ಮುಂಬಯಿಗೆ ಹೋದರೆ ಕನ್ನಡ ರಾತ್ರಿ ಶಾಲೆ. ಹಗಲಿನ ಮಕ್ಕಳು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಬರುತ್ತಿದ್ದರು. ರಾತ್ರಿಯ ಹುಡುಗರು ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸಿ, ಲೋಟ ತೊಳೆದು, ಆಫೀಸು ಕ್ಯಾಂಟೀನುಗಳಲ್ಲಿ ಚಹಾ ಹಂಚಿ ಬರುತ್ತಿದ್ದರು. ಹಗಲು ಶಾಲೆಯಲ್ಲಿ ನಾನು ಮಕ್ಕಳಿಗೆ ಹೊಡೆಯುತ್ತಿದ್ದೆ. ರಾತ್ರಿ ಶಾಲೆಯಲ್ಲಿ ಒಂದು ದಿನವೂ ಕೈ ಎತ್ತಲಿಲ್ಲ.

ಇದಕ್ಕೆ ನನ್ನಲ್ಲಿ ಬಹಳ ಕಾಲ ಒಂದು ಸಿದ್ಧ ಉತ್ತರವಿತ್ತು. ರಾತ್ರಿಯ ಹುಡುಗರು ವಯಸ್ಸಿನಲ್ಲಿ ದೊಡ್ಡವರು, ಕಲಿಯಬೇಕೆಂದು ತಾವಾಗಿ ಬಂದವರು. ಹಗಲಿನವರು ಹದಿಮೂರು ವರ್ಷದ ತುಂಟರು, ಒಂದು ಕೋಣೆಯಲ್ಲಿ ಅರವತ್ತು ಮಂದಿ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಬೆಳಗಿನ ನಾಲ್ಕಕ್ಕೆ ಎದ್ದು, ಮಾಲೀಕನ ಬೈಗುಳ ತಿಂದು, ದಣಿದು ಬಂದ ಹುಡುಗನನ್ನು ರಾತ್ರಿ ಒಂಬತ್ತರವರೆಗೆ ಬೀಜಗಣಿತದ ಮುಂದೆ ಕೂರಿಸುವುದು ಸುಲಭದ ಕೆಲಸವಲ್ಲ. ಆ ಹೊತ್ತಿಗೆ ನಾನೂ ದಣಿದಿರುತ್ತಿದ್ದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೂ ಕೈ ಏಳಲಿಲ್ಲ. ಉತ್ತರದ ಉಳಿದರ್ಧ ಆ ಎರಡು ಶಾಲೆಗಳ ಮುಖ್ಯಸ್ಥರ ಕೋಣೆಗಳಲ್ಲಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತರಗತಿಯನ್ನು ನಿಭಾಯಿಸುವುದು ಮೇಷ್ಟ್ರ ಸಾಮರ್ಥ್ಯಕ್ಕೆ ಬಿಟ್ಟ ವಿಷಯ ಎಂದೇ ನಾವೆಲ್ಲ ಮಾತಾಡುತ್ತೇವೆ. ಅದು ಬಹುಮಟ್ಟಿಗೆ ಮುಖ್ಯೋಪಾಧ್ಯಾಯರ ನ್ಯಾಯಬುದ್ಧಿಯ ಫಲ ಎಂಬುದು ನನ್ನ ವಾದ.

ಹಗಲು ಶಾಲೆಯ ಪ್ರಿನ್ಸಿಪಾಲರು ಕೆಟ್ಟ ಮನುಷ್ಯರಲ್ಲ. ಹೇಳಿದ ಹೊತ್ತಿಗೆ ಬರುವವರು, ಶಾಲೆಯ ಒಂದು ಪೈಸೆ ಮುಟ್ಟದವರು, ಯಾವ ಮಗುವಿಗೂ ಹೊಡೆಯದವರು. ಆದರೆ ಅವರ ಲೆಕ್ಕದಲ್ಲಿ ಶಿಸ್ತು ಎಂದರೆ ಕಾರಿಡಾರಿನಲ್ಲಿ ಸದ್ದು ಕೇಳಿಸದಿರುವುದು. ದಿನಕ್ಕೆ ಎರಡು ಸಲ ರೌಂಡ್ ಬರುತ್ತಿದ್ದರು. ಯಾವ ಕೋಣೆಯಿಂದ ಗಲಾಟೆ ಕೇಳಿಸಿತೋ ಅದನ್ನು ಡೈರಿಯಲ್ಲಿ ಬರೆದುಕೊಂಡು ತಿಂಗಳ ಕೊನೆಯ ಸ್ಟಾಫ್ ಮೀಟಿಂಗಿನಲ್ಲಿ ಆಯಾ ಮೇಷ್ಟ್ರ ಹೆಸರು ಓದುತ್ತಿದ್ದರು. ಹೆಸರು ಓದಿಸಿಕೊಳ್ಳದೆ ಆ ತಿಂಗಳು ದಾಟಿಸುವುದೇ ನಮ್ಮೆಲ್ಲರ ಗುರಿ.

ಒಂದು ದಿನ ಎಂಟನೆಯ ಡಿ ವಿಭಾಗ, ಕೊನೆಯ ಪಿರಿಯಡ್. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಕಾಗದದ ತ್ರಿಕೋನ ಕತ್ತರಿಸಿ, ಅದರ ಮೂರು ಮೂಲೆಗಳನ್ನು ಹರಿದು ಒಂದೇ ಗೆರೆಯ ಮೇಲೆ ಜೋಡಿಸಲು ಹೇಳಿದ್ದೆ. ಯಾವ ತ್ರಿಕೋನ ತೆಗೆದುಕೊಂಡರೂ ಮೂಲೆಗಳು ನೆಟ್ಟಗೆ ಗೆರೆಯ ಮೇಲೆ ಕೂರುತ್ತವೆ ಎಂದು ಕಂಡಾಗ ಮಕ್ಕಳಿಗೆ ಅಚ್ಚರಿ, ಪಕ್ಕದ ಗುಂಪಿನದನ್ನು ನೋಡುವ ಆತುರ. ಗದ್ದಲ ಇದ್ದದ್ದು ನಿಜ, ಅದು ಕೆಲಸದ ಗದ್ದಲ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಸರ್, ಇದು ಕ್ಲಾಸೋ, ಮೀನು ಮಾರ್ಕೆಟ್ಟೋ?" ಎಂದು ಕೇಳಿ ಹೋದರು. ಅವರು ಬೆನ್ನು ತಿರುಗಿಸಿದ್ದೇ ಹಿಂದಿನ ಬೆಂಚಿನ ಹುಡುಗನೊಬ್ಬ ಅದೇ ದನಿಯಲ್ಲಿ ಅದೇ ಮಾತು ಅಂದ. ಇಡೀ ಕ್ಲಾಸು ನಕ್ಕಿತು. ನಾನು ಹೋಗಿ ಅವನ ಕೆನ್ನೆಗೆ ಬಾರಿಸಿದೆ. ಕೋಣೆ ತಣ್ಣಗಾಯಿತು. ಎರಡು ದಿನದ ಮೇಲೆ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ, "ಡಿ ಡಿವಿಜನ್ ಈಗ ಸುಧಾರಿಸಿದೆ" ಎಂದರು. ಹೇಗೆ ಸುಧಾರಿಸಿತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾಗದ ಹರಿಯುವ ಪಾಠವನ್ನು ಆ ಶಾಲೆಯಲ್ಲಿ ಮತ್ತೆ ಮಾಡಲಿಲ್ಲ.

ಆ ಏಟು ನನ್ನದು. ಅದನ್ನು ಪ್ರಿನ್ಸಿಪಾಲರ ಖಾತೆಗೆ ಬರೆದು ಕೈ ತೊಳೆದುಕೊಳ್ಳಲು ಈ ಕಥೆ ಹೇಳುತ್ತಿಲ್ಲ. ಆದರೆ ಆ ಹುಡುಗ ಮಾಡಿದ್ದೇನು? ದೊಡ್ಡವರೊಬ್ಬರು ನನ್ನನ್ನು ಹೇಗೆ ನಡೆಸಿಕೊಂಡರೋ ಅದನ್ನೇ ಅವನು ಮುಂದುವರಿಸಿದ. ಈ ಮನುಷ್ಯನನ್ನು ಎಲ್ಲರ ಎದುರು ಹಗುರವಾಗಿ ಮಾತಾಡಿಸಬಹುದು ಎಂಬ ಅಪ್ಪಣೆ ಬಾಗಿಲಿನಿಂದಲೇ ಬಂದಿತ್ತು. ನಾನು ಅದೇ ಅವಮಾನವನ್ನು ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ, ನನಗಿಂತ ದುರ್ಬಲನಾದವನ ಮೇಲೆ ಇಳಿಸಿದೆ.

ರಾತ್ರಿ ಶಾಲೆಯ ಹೆಡ್‌ಮಾಸ್ಟ್ರು ಬೇರೆ ತರಹದವರು. ಶುರುವಿನಲ್ಲಿ ನನಗೆ ಮೊದಲ ಪಿರಿಯಡ್ ಕೊಟ್ಟಿದ್ದರು. ಅರ್ಧ ಹುಡುಗರು ತಡವಾಗಿ ಬರುತ್ತಿದ್ದರು. ಹಗಲು ಶಾಲೆಯ ಅಭ್ಯಾಸದಂತೆ ನಾನು ಬಾಗಿಲು ಹಾಕಿ, ತಡವಾದವರನ್ನು ಹೊರಗೆ ನಿಲ್ಲಿಸಿದೆ. ಹೆಡ್‌ಮಾಸ್ಟ್ರು ಅದನ್ನು ನೋಡಿದರು, ಹುಡುಗರ ಎದುರು ಏನೂ ಹೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಸ್ಟೇಷನ್ನಿನ ಕಡೆ ಒಟ್ಟಿಗೆ ನಡೆಯುವಾಗ ಕೇಳಿದರು: "ಮಾಸ್ಟ್ರೇ, ಇವರ ಹೋಟೆಲಿನಲ್ಲಿ ಸಂಜೆ ತಿಂಡಿಯ ಗಿರಾಕಿ ಕಡಿಮೆಯಾಗುವುದು ಎಷ್ಟು ಗಂಟೆಗೆ, ಗೊತ್ತುಂಟಾ?" ನನಗೆ ಗೊತ್ತಿರಲಿಲ್ಲ. ಆ ವಾರ ಅವರೇ ಮೂರು ಹೋಟೆಲುಗಳಿಗೆ ಹೋಗಿ ಮಾಲೀಕರ ಹತ್ತಿರ ಮಾತಾಡಿದರು. ಇಬ್ಬರು ಮಾಲೀಕರು ಹುಡುಗರನ್ನು ಕಾಲು ಗಂಟೆ ಬೇಗ ಬಿಡಲು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಮರುವಾರ ಟೈಮ್ ಟೇಬಲ್ ಬದಲಾಯಿತು. ನನ್ನ ಗಣಿತ ಎರಡನೆಯ ಪಿರಿಯಡ್ಡಿಗೆ ಹೋಯಿತು. ಹುಡುಗರು ಒಬ್ಬೊಬ್ಬರಾಗಿ ಬಂದು ಸೇರುವ ಆ ಮೊದಲ ಪಿರಿಯಡ್ಡನ್ನು, ಶಾಲೆಯಲ್ಲೇ ಅತಿ ಕಷ್ಟದ ಆ ಮುಕ್ಕಾಲು ಗಂಟೆಯನ್ನು, ಹೆಡ್‌ಮಾಸ್ಟ್ರು ತಾವೇ ಇಟ್ಟುಕೊಂಡರು.

ನನ್ನ 'ತಡವಾಗಿ ಬರುವವರ ಸಮಸ್ಯೆ' ಅರ್ಧಕ್ಕರ್ಧ ಇಲ್ಲವಾಯಿತು. ಅದಕ್ಕೆ ಯಾವ ಶಿಕ್ಷೆಯೂ, ಉಪದೇಶವೂ ಬೇಕಾಗಲಿಲ್ಲ.

ಇನ್ನೊಂದು ಘಟನೆ ಇದೆ, ಅದು ನನಗೆ ಹೆಮ್ಮೆಯದಲ್ಲ. ರಾತ್ರಿ ಶಾಲೆಯಲ್ಲಿ ಹೊಡೆಯಲಿಲ್ಲ ಎಂದೆ. ಆದರೆ ಭಿನ್ನರಾಶಿಯ ಲೆಕ್ಕವನ್ನು ಮೂರನೆಯ ಸಲ ತಪ್ಪು ಮಾಡಿದ ಒಬ್ಬನಿಗೆ, "ನೀನು ಲೋಟ ತೊಳೆಯಲಿಕ್ಕೇ ಲಾಯಕ್ಕು" ಎಂದುಬಿಟ್ಟಿದ್ದೆ. ಅವನು ಏನೂ ಮಾತಾಡಲಿಲ್ಲ. ಮರುದಿನ ಬರಲಿಲ್ಲ. ಯಾರೋ ಹೆಡ್‌ಮಾಸ್ಟ್ರಿಗೆ ಹೇಳಿದ್ದರು. ಅವರು ಮತ್ತೆ ಸ್ಟೇಷನ್ನಿನ ದಾರಿಯಲ್ಲೇ ವಿಷಯ ತೆಗೆದರು. ದನಿ ಏರಿಸಲಿಲ್ಲ, ಬಿಟ್ಟುಕೊಡಲೂ ಇಲ್ಲ. ಆ ಮಾತು ಅವನು ಹಗಲೆಲ್ಲ ಕೇಳುವ ಮಾತು, ಅದನ್ನು ಕೇಳದಿರುವ ಜಾಗ ಇದೊಂದೇ ಎಂದರು. ಅವನನ್ನು ಕರೆತರುವ ಕೆಲಸ ನನ್ನದು, ಕ್ಲಾಸಿನ ಎದುರು ಆಡಿದ ಮಾತಿಗೆ ಕ್ಲಾಸಿನ ಎದುರೇ ತಪ್ಪೊಪ್ಪಿಕೊಳ್ಳಬೇಕು ಎಂದೂ ಹೇಳಿದರು. ನಾನು ಹೋಟೆಲಿಗೆ ಹೋದೆ. ಅವನು ಬಂದ. ನಾನು ಕ್ಷಮೆ ಕೇಳಿದೆ. ನನ್ನ ಮರ್ಯಾದೆ ಹೋಗುತ್ತದೆ, ನಾಳೆಯಿಂದ ಯಾರೂ ಮಾತು ಕೇಳುವುದಿಲ್ಲ ಎಂದು ಹೆದರಿದ್ದೆ. ಆದದ್ದು ಬೇರೆ. ಆಮೇಲೆ ಆ ಕ್ಲಾಸಿನಲ್ಲಿ ನಾನು ದನಿ ಏರಿಸಬೇಕಾಗಿ ಬಂದದ್ದು ಬಹಳ ಕಡಿಮೆ.

ಎಷ್ಟೋ ವರ್ಷಗಳ ನಂತರ ಜಪಾನಿನ ತೆತ್ಸುಕೊ ಕುರೊಯಾನಾಗಿ ಬರೆದ 'ತೊತ್ತೊ ಚಾನ್' ಓದಿದೆ. 1981ರಲ್ಲಿ ಬಂದ ಈ ಪುಸ್ತಕ ಕನ್ನಡದಲ್ಲೂ ಇದೆ, ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ರೈಲು ಡಬ್ಬಿಗಳೇ ತರಗತಿಗಳಾದ ತೊಮೊಯೆ ಶಾಲೆ, ಹೊಸದಾಗಿ ಬಂದ ಹುಡುಗಿಯ ಮಾತನ್ನು ಗಂಟೆಗಟ್ಟಲೆ ಕೇಳಿದ ಹೆಡ್‌ಮಾಸ್ಟರ್ ಕೊಬಾಯಾಶಿ, ಇವು ಎಲ್ಲರಿಗೂ ನೆನಪಿರುತ್ತವೆ. ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಚಿಕ್ಕ ಪ್ರಸಂಗ. ಬೆಳವಣಿಗೆ ನಿಂತುಹೋಗಿ ಗಿಡ್ಡಾಗಿಯೇ ಉಳಿದ ಹುಡುಗನೊಬ್ಬನಿಗೆ ತರಗತಿಯ ಶಿಕ್ಷಕಿ ಪಾಠದ ನಡುವೆ ತಮಾಷೆಗೆ, ನಿನಗೆ ಬಾಲ ಇದೆಯೇ ಎಂದು ಕೇಳಿರುತ್ತಾರೆ. ಅಂದು ಕೊಬಾಯಾಶಿ ಆಕೆಯ ಮೇಲೆ ಸಿಟ್ಟಾಗುತ್ತಾರೆ, ಆ ಮಾತು ಹುಡುಗನಿಗೆ ಎಷ್ಟು ನೋವು ಕೊಟ್ಟಿರಬಹುದೆಂದು ತಿಳಿಸುತ್ತಾರೆ. ಅದು ನಡೆಯುವುದು ಅಡಿಗೆ ಕೋಣೆಯಲ್ಲಿ. ಬೇರೆ ಶಿಕ್ಷಕರು ಇರುವ ಕೋಣೆಯಲ್ಲಿ ಅವರು ಆಕೆಯನ್ನು ಗದರಲಿಲ್ಲ. ಹುಡುಗನ ಮರ್ಯಾದೆಗಾಗಿ ಸಿಟ್ಟು, ಶಿಕ್ಷಕಿಯ ಮರ್ಯಾದೆಗಾಗಿ ಅಡಿಗೆ ಕೋಣೆ. ನನಗೆ ಸ್ಟೇಷನ್ನಿನ ದಾರಿ ನೆನಪಾಯಿತು.

ನೈತಿಕ ನಾಯಕತ್ವ ಎಂಬ ಮಾತು ಈಗ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಬಹಳ ಓಡಾಡುತ್ತಿದೆ. ಮೈಕೆಲ್ ಬ್ರೌನ್, ಲಿಂಡಾ ಟ್ರೆವಿನೊ, ಡೇವಿಡ್ ಹ್ಯಾರಿಸನ್ ಎಂಬ ಅಮೆರಿಕದ ಸಂಶೋಧಕರು 2005ರಲ್ಲಿ ಬರೆದ ಲೇಖನವೊಂದು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ವಿವರಣೆಯಲ್ಲಿ ಎರಡು ಭಾಗಗಳಿವೆ. ನಾಯಕ ತಾನು ಒಳ್ಳೆಯವನಾಗಿ ನಡೆದುಕೊಳ್ಳಬೇಕು. ಜೊತೆಗೆ, ಸಂಸ್ಥೆಯೊಳಗೆ ಯಾವುದಕ್ಕೆ ಶಹಬಾಸ್, ಯಾವುದಕ್ಕೆ ದಂಡನೆ ಎಂಬುದನ್ನೂ ಅದೇ ಒಳ್ಳೆಯತನದ ಅಳತೆಯಲ್ಲಿ ನಡೆಸಬೇಕು. ನನ್ನ ಹಗಲು ಶಾಲೆಯ ಪ್ರಿನ್ಸಿಪಾಲರು ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ನಪಾಸು. ತಾವು ಹೊಡೆಯಲಿಲ್ಲ, ಆದರೆ ಹೊಡೆತದಿಂದ ಹುಟ್ಟಿದ ಮೌನಕ್ಕೆ ಶಹಬಾಸ್ ಕೊಟ್ಟರು.

ಮುಖ್ಯಸ್ಥರ ನಡತೆ ತರಗತಿಯನ್ನು ಮುಟ್ಟುವುದು ಹೀಗೆ ದೊಡ್ಡ ಪ್ರಸಂಗಗಳಲ್ಲಿ ಮಾತ್ರವಲ್ಲ. ದಿನನಿತ್ಯದ ಸಣ್ಣ ಕೆಲಸಗಳಲ್ಲಿ ಅದು ಇನ್ನೂ ಹೆಚ್ಚು.

ಮೊದಲನೆಯದು ನೋಟೀಸ್ ಬುಕ್. ಶಾಲೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಪಾಠದ ನಡುವೆ ಸಿಪಾಯಿ ಬಂದು ನಿಲ್ಲುತ್ತಾನೆ, ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಓದಿ ಸಹಿ ಹಾಕಬೇಕು. ಅವನು ಹೋದ ಹತ್ತು ನಿಮಿಷಕ್ಕೆ ಫೀಸು ಬಾಕಿಯವರ ಪಟ್ಟಿ ಬರುತ್ತದೆ. ಅದರ ಬೆನ್ನಿಗೇ ಮೈಕಿನಲ್ಲಿ ಪ್ರಕಟಣೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರ ತನ್ನ ಪುಸ್ತಕದಲ್ಲಿ, ತರಗತಿಗಳನ್ನು ವಿಡಿಯೊ ಮಾಡಿ ಅಭ್ಯಾಸ ಮಾಡಿದ ಫಲಿತಾಂಶವನ್ನು ಬರೆದ. ಗಲಾಟೆ ಆದ ಮೇಲೆ ಶಿಕ್ಷಕರು ಹೇಗೆ ಗದರುತ್ತಾರೆ ಎಂಬುದರಲ್ಲಿ ಒಳ್ಳೆಯ ತರಗತಿಗೂ ಕೆಟ್ಟ ತರಗತಿಗೂ ಅಂಥ ವ್ಯತ್ಯಾಸ ಅವನಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆಗೆ ಮುಂಚೆ: ಕೋಣೆಯ ಎಲ್ಲ ಮೂಲೆಯ ಮೇಲೂ ಶಿಕ್ಷಕರ ಗಮನ ಇದೆಯೇ, ಪಾಠ ತಡೆಯಿಲ್ಲದೆ ಹರಿಯುತ್ತಿದೆಯೇ ಎಂಬುದರಲ್ಲಿ. ಪಾಠದ ಓಟ ಮುರಿದಲ್ಲಿ ಗಲಾಟೆ ಹುಟ್ಟುತ್ತದೆ. ನಮ್ಮ ಶಾಲೆಗಳಲ್ಲಿ ಆ ಓಟವನ್ನು ಹೆಚ್ಚು ಸಲ ಮುರಿಯುವವರು ಯಾರು? ಮೇಷ್ಟ್ರ ಪಾಠಕ್ಕಿಂತ ತನ್ನ ಸುತ್ತೋಲೆ ದೊಡ್ಡದು ಎಂದು ಆಫೀಸು ದಿನಕ್ಕೆ ನಾಲ್ಕು ಸಲ ಮಕ್ಕಳ ಎದುರೇ ಸಾರುತ್ತದೆ, ಆಮೇಲೆ ಅದೇ ಆಫೀಸು ಕ್ಲಾಸಿನಲ್ಲಿ ಶಿಸ್ತಿಲ್ಲ ಎನ್ನುತ್ತದೆ.

ಎರಡನೆಯದು ಟೈಮ್ ಟೇಬಲ್. ಡಿ ವಿಭಾಗದ ಕೊನೆಯ ಪಿರಿಯಡ್ ಯಾರಿಗೆ, ಎ ವಿಭಾಗದ ಮೊದಲ ಪಿರಿಯಡ್ ಯಾರಿಗೆ, ಪ್ರಾಕ್ಸಿ ಯಾರ ತಲೆಗೆ ಎಂಬುದನ್ನು ನೋಡಿದರೆ ಸಾಕು, ಆ ಶಾಲೆಯಲ್ಲಿ ಯಾರು ಯಾರಿಗೆ ಹತ್ತಿರ ಎಂದು ಗೊತ್ತಾಗುತ್ತದೆ. ಹೊಸಬರಿಗೆ, ಹಂಗಾಮಿ ನೌಕರರಿಗೆ, ಎದುರು ಮಾತಾಡುವವರಿಗೆ ಅತಿ ಕಷ್ಟದ ತರಗತಿ. ಅನುಭವಿಗಳಿಗೆ, ಬೇಕಾದವರಿಗೆ ಸುಲಭದ್ದು. ಕಷ್ಟದ ತರಗತಿಯನ್ನು ಅತಿ ಕಡಿಮೆ ಅನುಭವದವರ ಕೈಗೆ ಕೊಟ್ಟು, ಅಲ್ಲಿ ಕೋಲು ಎದ್ದಾಗ ಆಕೆಗೆ ನಿಭಾಯಿಸಲು ಬರುವುದಿಲ್ಲ ಎಂದು ವರದಿ ಬರೆಯುವುದು ಎಷ್ಟು ನ್ಯಾಯ?

ಮೂರನೆಯದು ಅಂಕ. ಸಿಬಿಎಸ್‌ಇ ಹತ್ತನೆಯ ತರಗತಿಯಲ್ಲಿ ಮುಖ್ಯ ವಿಷಯಗಳಿಗೆ 80 ಅಂಕ ಬೋರ್ಡ್ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ಅಂಕ ಶಿಕ್ಷಕರ ಕೈಯಲ್ಲಿದೆ ಎಂದು ಕಾಗದದ ಮೇಲೆ ಇರುತ್ತದೆ. ಯಾರಿಗೂ 18ಕ್ಕಿಂತ ಕಡಿಮೆ ಬೇಡ ಎಂದು ಮೇಲಿನಿಂದ ಬಾಯಿಮಾತಿನ ಸೂಚನೆ ಬಂದರೆ ಅದು ಮಕ್ಕಳಿಗೆ ತಿಳಿಯಲು ಒಂದು ವಾರವೂ ಬೇಡ. ವರ್ಷವಿಡೀ ಪ್ರಾಜೆಕ್ಟ್ ಮಾಡಿದವನಿಗೂ ಹಿಂದಿನ ರಾತ್ರಿ ಅಂಗಡಿಯಿಂದ ಕೊಂಡು ತಂದವನಿಗೂ ಒಂದೇ ಅಂಕ ಎಂದಾದ ಮೇಲೆ ಶಿಕ್ಷಕಿಯ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಮಾತಿಗೆ ಬೆಲೆ ಹೋದಾಗ ಕೈಗೆ ಉಳಿಯುವುದು ಗದರಿಕೆ, ಕೋಲು ಅಥವಾ ಕೈಚೆಲ್ಲುವುದು.

ಶಿಕಾಗೋದ ಪ್ರಾಥಮಿಕ ಶಾಲೆಗಳ ಸುಧಾರಣೆಯನ್ನು 1990ರ ದಶಕದಲ್ಲಿ ಅಭ್ಯಾಸ ಮಾಡಿದ ಆಂಟನಿ ಬ್ರಿಕ್ ಮತ್ತು ಬಾರ್ಬರಾ ಶ್ನೈಡರ್ 2002ರಲ್ಲಿ ಪ್ರಕಟಿಸಿದ ಪುಸ್ತಕದ ತಿರುಳೂ ಇದಕ್ಕೆ ಹತ್ತಿರದ್ದು. ದೊಡ್ಡವರು ಪರಸ್ಪರ ನಂಬುವ ಶಾಲೆಗಳಲ್ಲಿ ಮಕ್ಕಳ ಓದು, ಗಣಿತ ಸುಧಾರಿಸುವ ಸಂಭವ ಹೆಚ್ಚು ಎಂದು ಅವರು ಕಂಡರು. ಆ ನಂಬಿಕೆಗೆ ಅವರು ಹೇಳುವ ಆಧಾರಗಳು ಗೌರವ, ಕೆಲಸದಲ್ಲಿ ಸಾಮರ್ಥ್ಯ, ಇನ್ನೊಬ್ಬರ ಬಗ್ಗೆ ಕಾಳಜಿ, ಆಡಿದಂತೆ ನಡೆಯುವುದು. ನಾಲ್ಕರಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ. ಈ ಕಲಮು ನನ್ನ ಕಾಲದಲ್ಲಿ ಇದ್ದಿದ್ದರೆ ಎಂಟನೆಯ ಡಿ ವಿಭಾಗದ ಏಟಿಗೆ ನಾನು ಉತ್ತರ ಕೊಡಬೇಕಾಗುತ್ತಿತ್ತು, ಕೊಡಲೇಬೇಕಿತ್ತು. ಆ ಕಲಮನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದು ಹಿಡಿಯುವುದು ಏಟು ಕೊಟ್ಟ ಕೈಯನ್ನು. ಮೌನವನ್ನೇ ಮೇಷ್ಟ್ರ ಯೋಗ್ಯತೆಯ ಅಳತೆಗೋಲು ಮಾಡಿದವರು, ಅರವತ್ತು ಮಕ್ಕಳ ಕೋಣೆಗೆ ಹೊಸಬರನ್ನು ದೂಡಿದವರು, ಏಟಿನ ಸುದ್ದಿ ಕೇಳಿಯೂ ಕೇಳದಂತೆ ಇದ್ದವರು ವಿಚಾರಣೆಯ ದಿನ ಮೇಜಿನ ಆ ಕಡೆ ಕೂತಿರುತ್ತಾರೆ. ಒಬ್ಬ ಶಿಕ್ಷಕಿ ಸಸ್ಪೆಂಡ್ ಆಗುತ್ತಾಳೆ, ಅದೇ ಕೋಣೆಗೆ ಮುಂದಿನ ಸೋಮವಾರ ಇನ್ನೊಬ್ಬಳು ಹೋಗುತ್ತಾಳೆ. ಕೋಣೆ ಹಾಗೇ ಇರುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮುಖ್ಯೋಪಾಧ್ಯಾಯರ ಕೈಯಲ್ಲಿ ಏನಿದೆ, ಮೇಲೆ ಟ್ರಸ್ಟಿಗಳಿದ್ದಾರೆ, ಇಲಾಖೆಯಿದೆ, ಪಾಲಕರ ಒತ್ತಡವಿದೆ ಎನ್ನುವುದು ಒಂದು. ನಿಜ. ತರಗತಿಯ ಮಕ್ಕಳ ಸಂಖ್ಯೆಯನ್ನು ಅವರು ಒಬ್ಬರೇ ಇಳಿಸಲಾರರು. ಆದರೆ ನೋಟೀಸ್ ಬುಕ್ಕನ್ನು ಊಟದ ಬಿಡುವಿನಲ್ಲಿ ಕಳಿಸಲು ಯಾವ ಟ್ರಸ್ಟಿಯ ಅಪ್ಪಣೆ ಬೇಕು? ಶಿಕ್ಷಕರನ್ನು ಮಕ್ಕಳ ಎದುರು ಗದರದಿರಲು ಯಾವ ಆದೇಶ ಬೇಕು? ಅತಿ ಕಷ್ಟದ ಒಂದು ಪಿರಿಯಡ್ಡನ್ನು ತಾವೇ ತೆಗೆದುಕೊಳ್ಳಲು? ರಾತ್ರಿ ಶಾಲೆಯ ಹೆಡ್‌ಮಾಸ್ಟ್ರಿಗೆ ಸೋರುವ ಕಟ್ಟಡ, ಮುರಿದ ಬೆಂಚು ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಶಿಕ್ಷಕರ ಬೆನ್ನಿಗೆ ನಿಲ್ಲುವ ಹೆಡ್‌ಮಾಸ್ಟರೆಂದರೆ ಹೊಡೆಯುವವರನ್ನು ಮುಚ್ಚಿಡುವ ಹೆಡ್‌ಮಾಸ್ಟರೇ ಆಗಿರುತ್ತಾರಲ್ಲ? ಹಾಗಾಗುವುದುಂಟು. 'ನಮ್ಮ ಸ್ಟಾಫು' ಎಂಬ ಅಭಿಮಾನದಲ್ಲಿ ಮಗುವಿನ ದೂರನ್ನು ಆಫೀಸಿನ ಬಾಗಿಲಲ್ಲೇ ಹೊಸಕಿ ಹಾಕಿದ ಎಷ್ಟೋ ಶಾಲೆಗಳಿವೆ. ಅದನ್ನು ನಾನು ನ್ಯಾಯ ಎನ್ನುತ್ತಿಲ್ಲ. ಸ್ಟೇಷನ್ನಿನ ದಾರಿಯಲ್ಲಿ ನನಗೆ ಸಿಕ್ಕಿದ್ದು ರಕ್ಷಣೆಯಲ್ಲ. ತಪ್ಪನ್ನು ತಪ್ಪು ಎಂದರು, ಸರಿಪಡಿಸುವ ದಾರಿ ಹೇಳಿದರು, ಅದು ಆಗುವವರೆಗೆ ಬಿಡಲಿಲ್ಲ. ನನ್ನನ್ನು ಸಣ್ಣವನನ್ನಾಗಿ ಮಾಡದೆ ಅದನ್ನು ಮಾಡಿದರು, ಅಷ್ಟೇ.

ಈಗ ತರಗತಿಯನ್ನು ನೋಡುವ ಕಣ್ಣುಗಳು ಹೆಚ್ಚಾಗಿವೆ. 2019ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ತರಗತಿಯೊಳಗೆ ಕ್ಯಾಮೆರಾ ಇಟ್ಟು, ಪಾಲಕರು ಮೊಬೈಲಿನಲ್ಲೇ ನೋಡುವ ಯೋಜನೆಗೆ ಚಾಲನೆ ಸಿಕ್ಕಿತು. ಖಾಸಗಿ ಶಾಲೆಗಳ ಜಾಹೀರಾತಿನಲ್ಲಿ ಕ್ಯಾಮೆರಾ ಈಗ ಒಂದು ಆಕರ್ಷಣೆ. ಏಟು ತಪ್ಪಿಸಲು ಅದರಿಂದ ಸ್ವಲ್ಪ ಸಹಾಯ ಆಗಬಹುದು. ಆದರೆ ಕ್ಯಾಮೆರಾ ಎಂದರೆ ನಿಲ್ಲದ ರೌಂಡು. ಕಾಗದ ಹರಿಯುವ ಪಾಠ ದೂರದಿಂದ ನೋಡುವವರಿಗೆ ಮೀನು ಮಾರ್ಕೆಟ್ಟಾಗಿಯೇ ಕಾಣುತ್ತದೆ. ಅಲ್ಲಿ ನಡೆಯುತ್ತಿರುವುದು ಕಲಿಕೆಯೋ ಗಲಾಟೆಯೋ ಎಂದು ತಿಳಿಯಲು ಕೋಣೆಯೊಳಗೆ ಬಂದು, ಮಗುವಿನ ಪಕ್ಕ ಕೂತು ನೋಡುವ ಮುಖ್ಯಸ್ಥರು ಬೇಕು.

ಈ ಅಂಚೆ ತಲುಪುವ ಮನೆಗಳಲ್ಲಿ ಹೆಚ್ಚಿನವರ ಮಕ್ಕಳು ಅನುದಾನರಹಿತ ಖಾಸಗಿ ಶಾಲೆಗಳಿಗೆ ಹೋಗುತ್ತಿರಬಹುದು. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಶಾಲಾ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು ಇರಬೇಕು ಎನ್ನುತ್ತದೆ. ಆದರೆ ಅಂಥ ಖಾಸಗಿ ಶಾಲೆಗಳಿಗೆ ಆ ಕಲಮು ಅನ್ವಯಿಸುವುದಿಲ್ಲ. ಹಾಗಾಗಿ ನಿಮಗೆ ಉಳಿಯುವುದು ಪಾಲಕರ ಸಭೆ. ಅಲ್ಲಿ 'ನಿಮ್ಮಲ್ಲಿ ಶಿಸ್ತು ಹೇಗೆ?' ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರ ಬರುತ್ತದೆ. ಬದಲಿಗೆ ಬೇರೆ ಕೆಲವು ಪ್ರಶ್ನೆ ಕೇಳಿ ನೋಡಿ. ಪಾಠದ ನಡುವೆ ಆಫೀಸಿನಿಂದ ಎಷ್ಟು ಸಲ ಕರೆ ಬರುತ್ತದೆ? ಶಿಕ್ಷಕಿಗೆ ತರಗತಿ ಕೈಮೀರಿದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬಹುದು, ಹೇಳಿಕೊಂಡರೆ ಅದು ಅವಳ ವಿರುದ್ಧದ ದಾಖಲೆ ಆಗುತ್ತದೆಯೇ? ಮಗು ದೂರು ಕೊಟ್ಟರೆ ಮುಂದೇನು? ಪ್ರಿನ್ಸಿಪಾಲರು ವಾರಕ್ಕೆ ಎಷ್ಟು ಪಿರಿಯಡ್ ಕಲಿಸುತ್ತಾರೆ, ಯಾವ ವಿಭಾಗಕ್ಕೆ?

ನಮ್ಮ ಪಾಲೂ ಇದೆ. ವಾಟ್ಸಾಪ್ ಗುಂಪಿನಲ್ಲಿ ನೂರು ಜನರ ಎದುರು ಮಿಸ್ಸಿನ ಬಗ್ಗೆ ಹಗುರವಾಗಿ ಬರೆಯುವ ಪಾಲಕರು ಬಾಗಿಲಲ್ಲಿ ನಿಂತ ನನ್ನ ಪ್ರಿನ್ಸಿಪಾಲರ ಕೆಲಸವನ್ನೇ ಮಾಡುತ್ತಿರುತ್ತಾರೆ. ಊಟದ ಹೊತ್ತಿನಲ್ಲಿ ಮಗು ಅದನ್ನು ಕೇಳಿಸಿಕೊಂಡು, ಮರುದಿನ ಹಿಂದಿನ ಬೆಂಚಿನಿಂದ ಅದೇ ದನಿಯಲ್ಲಿ ಹೇಳುತ್ತದೆ.

ಎಂಟನೆಯ ಡಿ ವಿಭಾಗದ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ರಾತ್ರಿ ಶಾಲೆಯ ಹುಡುಗನಲ್ಲಿ ಕ್ಷಮೆ ಕೇಳಿದೆ, ಇವನಲ್ಲಿ ಕೇಳಲಿಲ್ಲ. ಕೇಳಬೇಕೆಂದು ಆ ಶಾಲೆಯಲ್ಲಿ ನನಗೆ ಯಾರೂ ಹೇಳಲಿಲ್ಲ, ನನಗಾಗಿಯೂ ಹೊಳೆಯಲಿಲ್ಲ. ಹೇಳುವವರೊಬ್ಬರು ಇದ್ದಿದ್ದರೆ ಕೇಳುತ್ತಿದ್ದೆನೇನೋ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಮೇಷ್ಟ್ರು ಒಬ್ಬರೇ ಇರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆ ಶಾಲೆಯ ಮುಖ್ಯಸ್ಥರು ಅವರ ಜೊತೆ ಹೇಗೆ ನಡೆದುಕೊಂಡಿದ್ದಾರೋ ಅದೂ ಅವರೊಂದಿಗೆ ಒಳಗೆ ಹೋಗಿರುತ್ತದೆ.